ಹೈಡ್ರೇಂಜಿಯ ನೆಡುವ ಮುನ್ನ: ಯಾವುದು ಎಷ್ಟು ಹರಡುತ್ತದೆ, ನಿಮ್ಮ ಜಾಗಕ್ಕೆ ಯಾವುದು ಹೊಂದುತ್ತದೆ?

‘ಬೆಳೆಯುವ ಪೈರು ಮೊಳಕೆಯಲ್ಲಿ’ ಎಂಬ ಗಾದೆ, ದೊಡ್ಡ ಹೂಗೊಂಚಲು ಬಿಡುವ ಹೈಡ್ರೇಂಜಿಯದ ಮುಂದೆ ಸೋಲುತ್ತದೆ. ನರ್ಸರಿಯಲ್ಲಿ ಒಂದೇ ಅಳತೆಯ ಕುಂಡಗಳಲ್ಲಿ, ಮೊಣಕಾಲೆತ್ತರಕ್ಕೆ, ಅಕ್ಕಪಕ್ಕ ನಿಂತ ಎರಡು ಗಿಡಗಳನ್ನು ನೋಡಿ. ಹತ್ತು ವರ್ಷ ಕಳೆದರೂ ಒಂದು ನಿಮ್ಮ ಸೊಂಟದ ಕೆಳಗೇ ಇರುತ್ತದೆ. ಇನ್ನೊಂದು ಕಿಟಕಿಯನ್ನು ಮುಚ್ಚಿ, ಚಾವಣಿಯ ಅಂಚನ್ನು ಹುಡುಕಿಕೊಂಡು ಹೊರಟಿರುತ್ತದೆ. ಮೊಳಕೆ ನೋಡಿದರೂ ಅಷ್ಟೇ, ಹೂ ನೋಡಿದರೂ ಅಷ್ಟೇ, ಯಾವುದು ಯಾವುದಾಗುತ್ತದೆ ಎಂದು ಹೇಳಲಾಗುವುದಿಲ್ಲ.

ನಾನು ಇದನ್ನು ಕಲಿತದ್ದು ಮೆಟ್ಟಿಲ ಪಕ್ಕದಲ್ಲಿ. ಮೆಟ್ಟಿಲಿನ ಎರಡೂ ಬದಿಗೆ ‘ಲೈಮ್‌ಲೈಟ್’ ಎಂಬ ತಳಿಯ ಹೈಡ್ರೇಂಜಿಯ ಒಂದೊಂದು ನೆಟ್ಟೆ. ನರ್ಸರಿಯವರು ಗಿಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ಎತ್ತರ 6ರಿಂದ 8 ಅಡಿ ಎಂದಿತ್ತು. ಹಿಂದಿನ ಗೋಡೆ ಎತ್ತರವಾಗಿಯೇ ಇದೆಯಲ್ಲ, ಬೆಳೆಯಲಿ ಎಂದುಕೊಂಡೆ. ಅದೇ ಚೀಟಿಯಲ್ಲಿ ಅದರ ಕೆಳಗೆ ಹರವು ಕೂಡ 6ರಿಂದ 8 ಅಡಿ ಎಂದು ಅಚ್ಚಾಗಿತ್ತು. ಅದನ್ನು ಕಣ್ಣು ಓದಿತ್ತು, ತಲೆ ಓದಿರಲಿಲ್ಲ. ಗಿಡ ನೆಟ್ಟದ್ದು ಮೆಟ್ಟಿಲಿನ ಅಂಚಿನಿಂದ ಎರಡೇ ಅಡಿಗೆ. ಮೂರನೆಯ ಮಳೆಗಾಲಕ್ಕೆ ಒದ್ದೆ ಗೊಂಚಲುಗಳು ಎರಡೂ ಕಡೆಯಿಂದ ಬಾಗಿ ಮೆಟ್ಟಿಲಿನ ಮೇಲೆ ಕೈಕೈ ಹಿಡಿದುಕೊಂಡವು. ಮನೆಗೆ ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಲೇ ತೊಡೆಯವರೆಗೆ ನೆನೆದು ಒಳಗೆ ಬರುತ್ತಿದ್ದರು.

ಹೈಡ್ರೇಂಜಿಯದಲ್ಲಿ ಎತ್ತರಕ್ಕಿಂತ ಹರವು ಹೆಚ್ಚು ಕಾಡುತ್ತದೆ, ಆದ್ದರಿಂದ ಮೊದಲು ಅದನ್ನೇ ನೋಡಬೇಕು. ಅದನ್ನು ತಿಳಿಯಲು ಗಿಡ ಯಾವ ಪ್ರಭೇದದ್ದು ಎಂಬುದು ಗೊತ್ತಿರಬೇಕು. ತಳಿಯ ಹೆಸರು ಆಮೇಲೆ. ಕತ್ತರಿ ಹಿಡಿದು ಚಿಕ್ಕದಾಗಿ ಇಟ್ಟುಕೊಳ್ಳುತ್ತೇನೆ ಎಂಬ ಲೆಕ್ಕವನ್ನು ಸಾಧ್ಯವಾದಷ್ಟು ಹಾಕಲೇಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಚೀಟಿಯ ಅಂಕಿ ಯಾವ ವಯಸ್ಸಿನದು?

ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಅಳತೆ ಇರುತ್ತವೆ, ಎತ್ತರ ಮತ್ತು ಹರವು. ಒಂದೇ ಅಳತೆ ಬರೆದಿದ್ದರೆ ಹರವೂ ಅಷ್ಟೇ ಎಂದು ಭಾವಿಸುವುದು ಕ್ಷೇಮ. ಹೆಚ್ಚಿನ ಹೈಡ್ರೇಂಜಿಯಗಳು ಎತ್ತರದಷ್ಟೇ ಅಗಲವಾಗುತ್ತವೆ, ಕೆಲವು ಎತ್ತರವನ್ನೂ ಮೀರಿ ಅಗಲವಾಗುತ್ತವೆ. ಮೀಟರಿನಲ್ಲಿ ಬರೆದಿದ್ದರೆ 1 ಮೀಟರ್ ಎಂದರೆ 3.3 ಅಡಿ. 1.5ರಿಂದ 2.5 ಮೀಟರ್ ಎಂದು ಓದಿದಾಗ ಚಿಕ್ಕದೆನಿಸುತ್ತದೆ. 5ರಿಂದ 8 ಅಡಿ ಎಂದು ಬದಲಿಸಿಕೊಂಡ ಕೂಡಲೇ ಗಿಡ ಕಣ್ಣ ಮುಂದೆ ನಿಲ್ಲುತ್ತದೆ.

ಇನ್ನು ವಯಸ್ಸು. ಆ ಅಳತೆ ಐದನೆಯ ವರ್ಷದ್ದೋ ಇಪ್ಪತ್ತನೆಯದೋ ಎಂದು ಬಹಳಷ್ಟು ಚೀಟಿಗಳು ಹೇಳುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಗಿಡವಿವರಗಳಲ್ಲಿ ಅಂತಿಮ ಎತ್ತರ ಮತ್ತು ಹರವಿನ ಜೊತೆಗೆ, ಅಷ್ಟು ಬೆಳೆಯಲು 5ರಿಂದ 10 ವರ್ಷವೋ 10ರಿಂದ 20 ವರ್ಷವೋ ಎಂದೂ ಬರೆದಿರುತ್ತದೆ. ಇಂಥ ವಿವರ ಸಿಕ್ಕರೆ ಬಂಗಾರ. ಸಿಗದಿದ್ದರೆ ನಾನು ಮಾಡುವುದು ಇಷ್ಟೇ: ಚೀಟಿಯಲ್ಲಿ 3ರಿಂದ 5 ಅಡಿ ಎಂದಿದ್ದರೆ 5 ಎಂದೇ ಓದುತ್ತೇನೆ. ಚಿಕ್ಕ ಅಂಕಿ ಇರುವುದು ಕೊಳ್ಳುವವರ ಸಮಾಧಾನಕ್ಕೆ. ನೆಡುವವರ ಲೆಕ್ಕಕ್ಕೆ ಬರುವುದು ದೊಡ್ಡ ಅಂಕಿ.

‘ಲಿಟಲ್’, ‘ಕಾಂಪ್ಯಾಕ್ಟ್’, ‘ಡ್ವಾರ್ಫ್’ ಎಂಬ ಪದಗಳು ಅಳತೆಗಳಲ್ಲ, ನಂಟಸ್ತಿಕೆ ಹೇಳುವ ಪದಗಳು. ‘ಲಿಟಲ್ ಲೈಮ್’ ಎಂದರೆ ‘ಲೈಮ್‌ಲೈಟ್’ಗಿಂತ ಚಿಕ್ಕದು ಎಂದಷ್ಟೇ ಅರ್ಥ. ಅದು ಕೂಡ 3ರಿಂದ 5 ಅಡಿ ಬೆಳೆದು ಅಷ್ಟೇ ಹರಡುತ್ತದೆ. ಇಪ್ಪತ್ತಡಿ ಎತ್ತರದ ಅಪ್ಪನಿಗೆ ಆರಡಿಯ ಮಗ ಕುಳ್ಳನೇ ತಾನೆ!

ಉಡುಗೊರೆಯಾಗಿ ಬರುವ ಹೂಕುಂಡದ ಮೋಸ ಬೇರೆ ಬಗೆಯದು. ಹಬ್ಬದ ದಿನಗಳಿಗೆಂದು ಹೂ ಮಾರುವವರು ಬೆಳೆಸುವ ಹೈಡ್ರೇಂಜಿಯಕ್ಕೆ ಡಾಮಿನೊಝೈಡ್‌ನಂಥ ಬೆಳವಣಿಗೆ ತಡೆಯುವ ಔಷಧಿ ಸಿಂಪಡಿಸುವುದುಂಟು. ಕಾಂಡ ಗಿಡ್ಡವಾಗಿ, ಮೇಲೆ ದೊಡ್ಡ ಹೂವಿನ ಚೆಂಡು ಕೂತು ಅಂದವಾಗಿ ಕಾಣುತ್ತದೆ. ನೆಲಕ್ಕಿಟ್ಟ ಮೇಲೆ ಔಷಧಿಯ ಪ್ರಭಾವ ಇಳಿಯುತ್ತದೆ, ಗಿಡ ತನ್ನ ನಿಜವಾದ ಅಳತೆಗೆ ಹೊರಳುತ್ತದೆ. ಒಂದಡಿಯ ಗೊಂಬೆಯಂಥ ಗಿಡ ನಾಲ್ಕೈದು ಅಡಿಯ ಪೊದೆಯಾದರೆ ಅದು ನಿಮ್ಮ ಗೊಬ್ಬರದ ಮಹಿಮೆಯಲ್ಲ.

ಚೀಟಿ ಕಳೆದುಹೋಗಿದ್ದರೆ ಎಲೆ ನೋಡಿ

ತಳಿಯ ಹೆಸರು ಗೊತ್ತಿಲ್ಲದಿದ್ದರೂ ಪ್ರಭೇದ ಗುರುತಿಸಿದರೆ ಅಳತೆಯ ಅಂದಾಜು ಮುಕ್ಕಾಲು ಪಾಲು ಸಿಕ್ಕಂತೆ. ದಪ್ಪನೆಯ, ಹೊಳೆಯುವ, ಅಂಗೈಯಗಲದ ಎಲೆ ಮ್ಯಾಕ್ರೊಫಿಲ್ಲದ್ದು. ಅದರ ಹಾಗೇ ಇದ್ದು ಸ್ವಲ್ಪ ಕಿರಿದು, ತೆಳು, ತುದಿ ಚೂಪು ಎನಿಸಿದರೆ ಸೆರ್ರೇಟ. ಹೊಳಪಿಲ್ಲದ, ಮೆದುವಾದ, ಹೃದಯದಾಕಾರದ ಎಲೆಯಾದರೆ ಆರ್ಬೊರೆಸೆನ್ಸ್. ಕೈಬೆರಳಿನಂತೆ ಸೀಳಿದ, ಓಕ್ ಮರದ ಎಲೆಯನ್ನು ಹೋಲುವುದು ಕ್ವೆರ್ಸಿಫೋಲಿಯ, ಇದನ್ನು ಯಾರೂ ತಪ್ಪಲಾರರು. ಒಂದೇ ಗೆಣ್ಣಿನಲ್ಲಿ ಅಲ್ಲಲ್ಲಿ ಮೂರು ಎಲೆ ಕೂತಿದ್ದರೆ, ಹೂವಿನ ಗೊಂಚಲು ಶಂಕುವಿನಂತೆ ಉದ್ದವಾಗಿದ್ದರೆ ಪ್ಯಾನಿಕ್ಯುಲೇಟ.

ಪ್ಯಾನಿಕ್ಯುಲೇಟ: ಅಂತರ ಅತಿ ಹೆಚ್ಚು ಇರುವುದು ಇಲ್ಲೇ

ಜಪಾನ್ ಮತ್ತು ಚೀನಾದ ಈ ಪ್ರಭೇದದಲ್ಲಿ ಮೂರಡಿಯ ಗಿಡವೂ ಉಂಟು, ಮರವೇ ಆಗುವುದೂ ಉಂಟು. ಹಾಗಾಗಿ ‘ಪ್ಯಾನಿಕ್ಯುಲೇಟ ತಂದೆ’ ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ, ತಳಿ ಕೇಳಲೇಬೇಕು. 19ನೆಯ ಶತಮಾನದಲ್ಲಿ ಜಪಾನಿನಿಂದ ಯುರೋಪಿಗೆ ಹೋದ ಹಳೆಯ ತಳಿ ‘ಗ್ರ್ಯಾಂಡಿಫ್ಲೋರ’. ಇದನ್ನು ‘ಪೀಜೀ’ ಎಂದೂ ಕರೆಯುತ್ತಾರೆ. ಕತ್ತರಿಸದೆ ಬಿಟ್ಟರೆ 10 ಅಡಿ ಸುಲಭವಾಗಿ ದಾಟುತ್ತದೆ, ವಯಸ್ಸಾದವು 20 ಅಡಿಯನ್ನೂ ಮುಟ್ಟುತ್ತವೆ. ಮಧ್ಯಮ ಗಾತ್ರ ಎನ್ನಬಹುದಾದ ‘ಲೈಮ್‌ಲೈಟ್’, ‘ಪಿಂಕಿ ವಿಂಕಿ’, ‘ಕ್ವಿಕ್ ಫೈರ್’ ಮೂರೂ 6ರಿಂದ 8 ಅಡಿಯವು. ಅದಕ್ಕಿಂತ ಕೆಳಗೆ ‘ಲಿಟಲ್ ಲೈಮ್’, ‘ಲಿಟಲ್ ಕ್ವಿಕ್ ಫೈರ್’ 3ರಿಂದ 5 ಅಡಿ. ನಿಜಕ್ಕೂ ಚಿಕ್ಕದು ಬೇಕೆಂದರೆ ‘ಬೋಬೋ’: ಎತ್ತರ ಎರಡೂವರೆಯಿಂದ ಮೂರು ಅಡಿ, ಹರವು ಮೂರರಿಂದ ನಾಲ್ಕು.

ಈ ಅಂಕಿಗಳನ್ನು ನೆಲದ ಮೇಲಿನ ವೃತ್ತಗಳಾಗಿ ನೋಡಿದರೆ ವ್ಯತ್ಯಾಸ ಎದೆಗೆ ತಾಗುತ್ತದೆ. 8 ಅಡಿ ಹರಡುವ ‘ಲೈಮ್‌ಲೈಟ್’ ಸುಮಾರು 50 ಚದರಡಿ ನೆಲ ನುಂಗುತ್ತದೆ. 5 ಅಡಿಯ ‘ಲಿಟಲ್ ಲೈಮ್’ಗೆ ಬೇಕಾದದ್ದು ಸುಮಾರು 20 ಚದರಡಿ. 4 ಅಡಿಯ ‘ಬೋಬೋ’ಗೆ 13 ಚದರಡಿಯೂ ಬೇಡ. ಹರವು ಇಮ್ಮಡಿಯಾದರೆ ಜಾಗ ನಾಲ್ಮಡಿ ಎಂಬ ಶಾಲೆಯ ಲೆಕ್ಕ ಇಲ್ಲಿ ಬೆವರು ಬರಿಸುತ್ತದೆ. ಒಂದು ‘ಲೈಮ್‌ಲೈಟ್’ ಬದಲು ನಾಲ್ಕು ‘ಬೋಬೋ’ ಇಡಬಹುದು ಎಂಬುದನ್ನು ಹಾಗೆಯೂ ನೋಡಬಹುದು, ಹೀಗೆಯೂ ನೋಡಬಹುದು. ದೊಡ್ಡ ಮೂಲೆ ತುಂಬಬೇಕಾದವರಿಗೆ ಒಂದೇ ದೊಡ್ಡ ಗಿಡ ಖರ್ಚಿಗೂ ಹಿತ, ಕಣ್ಣಿಗೂ ಹಿತ.

ಇದು ಬೇಗ ಬೆಳೆಯುವ ಪ್ರಭೇದ, ವರ್ಷಕ್ಕೆ ಎರಡಡಿ ಚಿಗುರುವುದು ಸಾಮಾನ್ಯ. ನೆಟ್ಟ ನಾಲ್ಕೈದು ವರ್ಷದಲ್ಲಿ ತನ್ನ ಅಳತೆಯ ಹತ್ತಿರ ಬಂದುಬಿಡುತ್ತದೆ. ಅಂದರೆ ತಪ್ಪು ಜಾಗದಲ್ಲಿ ನೆಟ್ಟಿದ್ದರೆ ತಪ್ಪೂ ಬೇಗ ಗೊತ್ತಾಗುತ್ತದೆ.

ಒಂಟಿ ಕಾಂಡದ ಮೇಲೆ ಕೊಡೆಯಂತೆ ತಲೆ ಬಿಡಿಸಿ ಮರದ ರೂಪ ಕೊಟ್ಟ ಪ್ಯಾನಿಕ್ಯುಲೇಟಗಳೂ ಸಿಗುತ್ತವೆ. ಇವುಗಳ ಕಾಂಡ ದಪ್ಪವಾಗುತ್ತದೆಯೇ ಹೊರತು ಕೊಂಬೆ ಕವಲೊಡೆಯುವ ಜಾಗ ಮೇಲಕ್ಕೆ ಏರುವುದಿಲ್ಲ. 3 ಅಡಿಯಲ್ಲಿ ಕವಲೊಡೆದದ್ದು ಇಪ್ಪತ್ತು ವರ್ಷದ ನಂತರವೂ 3 ಅಡಿಯಲ್ಲೇ ಇರುತ್ತದೆ. ಕಾಂಡದ ಎತ್ತರಕ್ಕೆ ಆ ತಳಿಯ ತಲೆಯ ಬೆಳವಣಿಗೆಯನ್ನು ಕೂಡಿಸಿದರೆ ಒಟ್ಟು ಎತ್ತರ ಬಂತು. ಬುಡದಲ್ಲಿ ಜಾಗ ಉಳಿಯುತ್ತದೆ, ಆದರೆ ತಲೆಯ ಹರವು ಏನೂ ಕಡಿಮೆಯಾಗುವುದಿಲ್ಲ. ನಡೆಯುವ ದಾರಿಯ ಪಕ್ಕದಲ್ಲಿ ಅದು ಸರಿಯಾಗಿ ಮುಖದ ಎತ್ತರಕ್ಕೇ ಬರುತ್ತದೆ ಎಂಬುದು ನೆನಪಿರಲಿ.

ಮ್ಯಾಕ್ರೊಫಿಲ್ಲ: ಅಳತೆ ಬರೆಯುವುದು ಹವೆ

ಮಣ್ಣಿನ ಹುಳಿಗೆ ತಕ್ಕಂತೆ ನೀಲಿಯೋ ಗುಲಾಬಿಯೋ ಆಗುವ ಹೂಚೆಂಡಿನ ಗಿಡ ಇದು, ಹೈಡ್ರೇಂಜಿಯ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವಂಥದ್ದು. ಸಾಮಾನ್ಯ ಅಳತೆ 3ರಿಂದ 6 ಅಡಿ, ಹರವೂ ಅಷ್ಟೇ. ‘ನಿಕೊ ಬ್ಲೂ’ 4ರಿಂದ 6 ಅಡಿ. 2004ರಲ್ಲಿ ಮಾರುಕಟ್ಟೆಗೆ ಬಂದ ‘ಎಂಡ್ಲೆಸ್ ಸಮ್ಮರ್’ 3ರಿಂದ 5 ಅಡಿ. ‘ಸಿಟಿಲೈನ್’ ಎಂಬ ಸರಣಿಯವು 1ರಿಂದ 3 ಅಡಿಯೊಳಗೆ ಮುಗಿಯುತ್ತವೆ.

ಆದರೆ ಈ ಪ್ರಭೇದಕ್ಕೆ ಚೀಟಿಯ ಅಂಕಿಯನ್ನು ಎಲ್ಲ ಊರಿಗೂ ಒಂದೇ ಎಂದು ನಂಬಬಾರದು. ಕಡುಚಳಿಯ ಕಡೆ ಇದರ ಕಡ್ಡಿಗಳು ಚಳಿಗಾಲದಲ್ಲಿ ನೆಲದವರೆಗೂ ಸತ್ತುಹೋಗುತ್ತವೆ. ಪ್ರತಿ ವಸಂತದಲ್ಲೂ ಬುಡದಿಂದ ಹೊಸದಾಗಿ ಎದ್ದು ಬರಬೇಕು. ಹಾಗಾಗಿ ಆರಡಿಯ ತಳಿ ಅಲ್ಲಿ ಮೂರಡಿಯಲ್ಲೇ ಉಳಿಯುತ್ತದೆ, ಹಳೆಯ ಕಡ್ಡಿಯ ಮೊಗ್ಗು ಹೋದದ್ದರಿಂದ ಹೂವೂ ಕಡಿಮೆ. ಸಮುದ್ರದ ತಂಪು ಗಾಳಿ ಬೀಸುವ, ಹಿಮ ಕಾಣದ, ತೇವ ಆರದ ಕಡೆ ಅದೇ ಗಿಡ ವರ್ಷದಿಂದ ವರ್ಷಕ್ಕೆ ಹಳೆ ಕಡ್ಡಿಯ ಮೇಲೆ ಹೊಸ ಕಡ್ಡಿ ಕಟ್ಟಿಕೊಂಡು 8 ಅಡಿಗೂ ಏರುತ್ತದೆ. ನಿಮ್ಮಲ್ಲಿ ಕಡ್ಡಿಗಳು ಚಳಿಗಾಲ ದಾಟಿ ಬದುಕುತ್ತವೆಯೇ? ಹೌದಾದರೆ ಚೀಟಿಯ ದೊಡ್ಡ ಅಂಕಿಗೆ ಕಾಲುಭಾಗ ಸೇರಿಸಿ ಜಾಗ ಬಿಡಿ. ಇದು ಶಾಸ್ತ್ರವಲ್ಲ, ನನ್ನ ಅಂದಾಜಿನ ಪದ್ಧತಿ. ಇನ್ನೂ ಗಟ್ಟಿ ದಾರಿ ಎಂದರೆ ನಿಮ್ಮದೇ ಹವೆಯಲ್ಲಿರುವ, ಹತ್ತು ವರ್ಷ ದಾಟಿದ ಇದೇ ಪ್ರಭೇದದ ಪೊದೆಯೊಂದನ್ನು ಹುಡುಕಿ, ಅದರ ಪಕ್ಕ ನಿಂತು ನೋಡುವುದು.

ಬಿಸಿಲೂ ನೆರಳೂ ಅಳತೆ ಬದಲಿಸುತ್ತವೆ. ದಟ್ಟ ನೆರಳಿನಲ್ಲಿ ಕಡ್ಡಿ ಬೆಳಕು ಅರಸುತ್ತ ಉದ್ದವಾಗಿ, ತೆಳ್ಳಗಾಗಿ, ಹೂಭಾರಕ್ಕೆ ಅತ್ತಿತ್ತ ಬೀಳುತ್ತದೆ. ಮಧ್ಯಾಹ್ನದ ಬಿರುಬಿಸಿಲಿನಲ್ಲಿ, ನೀರಿನ ಕೊರತೆಯಲ್ಲಿ, ಗಿಡ ಕುಗ್ಗಿಯೇ ಇರುತ್ತದೆ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಒಣಗಿದ್ದು ಬೇಗ ತಟ್ಟುತ್ತದೆ. ಸಾರಜನಕದ ಗೊಬ್ಬರ ಸುರಿದರೆ ಎಲೆ ಹಿಗ್ಗುತ್ತದೆ, ಹೂ ಹಿಂದೆ ಬೀಳುತ್ತದೆ.

ಸೆರ್ರೇಟ ಇದರ ಬೆಟ್ಟದ ತಂಗಿ. 2ರಿಂದ 4 ಅಡಿಯೊಳಗೆ ತೃಪ್ತಿ ಪಡುತ್ತದೆ. ‘ಬ್ಲೂಬರ್ಡ್’ ಸುಮಾರು 4 ಅಡಿ, ‘ಟಫ್ ಸ್ಟಫ್’ 2ರಿಂದ 3. ಮ್ಯಾಕ್ರೊಫಿಲ್ಲದ ಬಣ್ಣ ಬೇಕು, ಗಾತ್ರ ಬೇಡ ಎನ್ನುವವರು ‘ಡ್ವಾರ್ಫ್’ ಎಂದು ಬರೆದ ಮ್ಯಾಕ್ರೊಫಿಲ್ಲಕ್ಕಿಂತ ಮೊದಲು ಇದನ್ನು ನೋಡಬೇಕು. ಇಷ್ಟು ಒಳ್ಳೆಯ ಗಿಡಕ್ಕೆ ಇಷ್ಟು ಕಡಿಮೆ ಹೆಸರು ಯಾಕೋ!

ಆರ್ಬೊರೆಸೆನ್ಸ್: ಎತ್ತರ ಹೇಳಬಹುದು, ಅಗಲ ಹೇಳಲಾಗದು

ಅಮೆರಿಕದ ಇಲಿನಾಯ್ ರಾಜ್ಯದ ಆ್ಯನ ಎಂಬ ಪಟ್ಟಣದ ಬಳಿ 1910ರಲ್ಲಿ ಕಾಡಿನಲ್ಲಿ ಕಂಡ ಗಿಡದಿಂದ ಬಂದದ್ದು ‘ಆ್ಯನಬೆಲ್’, ಹೆಸರೂ ಆ ಊರಿನದೇ. ಎತ್ತರ 3ರಿಂದ 5 ಅಡಿ. ಈ ಪ್ರಭೇದ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಚಳಿಗಾಲದ ಕೊನೆಗೆ ನೆಲಮಟ್ಟಕ್ಕೆ ಕತ್ತರಿಸಿದರೂ ಅದೇ ಬೇಸಿಗೆಯಲ್ಲಿ ಮತ್ತೆ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಆದ್ದರಿಂದ ಇದರ ಎತ್ತರದ ಅಂದಾಜು ತಪ್ಪುವುದು ಅಪರೂಪ.

ತಪ್ಪುವುದು ಅಗಲದಲ್ಲಿ, ಅದೂ ಎರಡು ರೀತಿ. ಮೊದಲನೆಯದು, ಬುಡದ ಸುತ್ತ ನೆಲದೊಳಗಿಂದ ಮರಿಗಳು ಏಳುತ್ತವೆ. ಅವನ್ನು ಕಿತ್ತುಹಾಕದಿದ್ದರೆ ಪೊದೆ ವರ್ಷವರ್ಷವೂ ಒಂದೊಂದು ಹೆಜ್ಜೆ ಮುಂದಿಡುತ್ತದೆ. ಚೀಟಿಯ ಹರವು ಮರಿ ಕಿತ್ತ ಪೊದೆಯದು, ಬಿಟ್ಟ ಪೊದೆಯದಲ್ಲ. ಎರಡನೆಯದು ಮಳೆ. ‘ಆ್ಯನಬೆಲ್’ನ ಹೂಚೆಂಡು ನೀರು ಕುಡಿದು ಭಾರವಾದರೆ ತೆಳ್ಳನೆಯ ಕಡ್ಡಿ ಹೊರಕ್ಕೆ ಬಾಗಿ ನೆಲಕ್ಕೆ ಮುಖ ಮಾಡುತ್ತದೆ. ನಾಲ್ಕಡಿಯ ಪೊದೆ ಒಂದು ರಾತ್ರಿಯಲ್ಲಿ ಆರಡಿ ಅಗಲದ ಬುಟ್ಟಿಯಾಗುತ್ತದೆ, ನಡುವೆ ಖಾಲಿ. ‘ಇನ್‌ಕ್ರೆಡಿಬಾಲ್’ನ ಕಡ್ಡಿ ಇದಕ್ಕಿಂತ ಗಟ್ಟಿ, ಅಳತೆ 4ರಿಂದ 5 ಅಡಿ. ದಾರಿಯ ಅಂಚಿಗೆ ಈ ಪ್ರಭೇದವೇ ಬೇಕೆಂದರೆ ‘ಇನ್‌ವಿನ್ಸಿಬೆಲ್ ವೀ ವೈಟ್’ ಎಂಬ ಗಿಡ್ಡ ತಳಿ ಇದೆ, ಒಂದರಿಂದ ಎರಡೂವರೆ ಅಡಿಯದು.

ಕ್ವೆರ್ಸಿಫೋಲಿಯ: ನಿಧಾನಕ್ಕೆ ಬಂದು ಪೂರ್ತಿ ಕೂರುವ ಅತಿಥಿ

ಅಮೆರಿಕದ ಆಗ್ನೇಯ ಭಾಗದ ಈ ಪ್ರಭೇದ ಮೊದಲ ವರ್ಷಗಳಲ್ಲಿ ಸಾಧುವಾಗಿ ಕಾಣುತ್ತದೆ. ಕೊನೆಗೆ ಸಾಮಾನ್ಯವಾಗಿ 6ರಿಂದ 8 ಅಡಿ ಎತ್ತರ, ಅಷ್ಟೇ ಅಥವಾ ಅದಕ್ಕೂ ಮಿಗಿಲಾದ ಹರವು. ‘ಆಲಿಸ್’ ಎಂಬ ತಳಿ 8 ಅಡಿ ದಾಟಿ 12ರ ಕಡೆಗೂ ಹೋಗುತ್ತದೆ. ‘ಪೀ ವೀ’ 3ರಿಂದ 4 ಅಡಿ. ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನ ಬಿಡುಗಡೆ ಮಾಡಿದ ಎರಡು ತಳಿಗಳು ನನಗೆ ಇಷ್ಟವಾಗಲು ಅಳತೆಯ ಜೊತೆ ವಯಸ್ಸನ್ನೂ ಹೇಳಿದ್ದೇ ಕಾರಣ: ‘ರೂಬಿ ಸ್ಲಿಪ್ಪರ್ಸ್’ ಏಳು ವರ್ಷಕ್ಕೆ ಮೂರೂವರೆ ಅಡಿ ಎತ್ತರ, 5 ಅಡಿ ಹರವು, ‘ಮಂಚ್‌ಕಿನ್’ ಒಂಬತ್ತು ವರ್ಷಕ್ಕೆ 3 ಅಡಿ ಎತ್ತರ, ನಾಲ್ಕೂವರೆ ಅಡಿ ಹರವು. ಎರಡರಲ್ಲೂ ಹರವು ಎತ್ತರದ ಸುಮಾರು ಒಂದೂವರೆ ಪಟ್ಟು ಇರುವುದನ್ನು ಗಮನಿಸಿ. ಎತ್ತರವನ್ನಷ್ಟೇ ಓದಿದವರು ಇಲ್ಲಿಯೇ ಎಡವುತ್ತಾರೆ.

ಆಸ್ಪೆರ ಎಂಬ, ವೆಲ್ವೆಟ್ಟಿನಂಥ ದೊಡ್ಡ ಎಲೆಯ ಪ್ರಭೇದ 8ರಿಂದ 10 ಅಡಿಯ ಆಸಾಮಿ. ಅಷ್ಟು ಜಾಗ ಇದ್ದವರು ಈ ಲೇಖನ ಓದುವ ಅಗತ್ಯವೇ ಇಲ್ಲ. ಗೋಡೆಗೆ ಬೇರೂರಿ ಹತ್ತುವ ಪೆಟಿಯೊಲಾರಿಸ್‌ಗೆ ಪೊದೆಯ ಲೆಕ್ಕ ಒಪ್ಪುವುದಿಲ್ಲ. ಮೊದಲ ಕೆಲವು ವರ್ಷ ಸತ್ತಿದೆಯೋ ಬದುಕಿದೆಯೋ ಎಂಬಂತೆ ಸುಮ್ಮನಿದ್ದು ಆಮೇಲೆ 30ರಿಂದ 50 ಅಡಿ ಏರುತ್ತದೆ. ಅದರ ಎತ್ತರ ನಿರ್ಧರಿಸುವುದು ನಿಮ್ಮ ಗೋಡೆ.

ಕತ್ತರಿಯ ಮೇಲೆ ಎಷ್ಟು ಭರವಸೆ ಇಡಬಹುದು?

ಇದು ಅತಿ ಹೆಚ್ಚು ಜನ ಜಾರಿ ಬೀಳುವ ಜಾಗ. ಮ್ಯಾಕ್ರೊಫಿಲ್ಲ, ಸೆರ್ರೇಟ, ಕ್ವೆರ್ಸಿಫೋಲಿಯ ಮೂರೂ ಬರುವ ವರ್ಷದ ಹೂಮೊಗ್ಗನ್ನು ಈ ವರ್ಷದ ಬೇಸಿಗೆಯ ಕೊನೆಗೇ ಕಡ್ಡಿಯಲ್ಲಿ ಕಟ್ಟಿಟ್ಟುಕೊಳ್ಳುತ್ತವೆ. ಆರಡಿಯ ಗಿಡವನ್ನು ಮೂರಡಿಗೆ ತರಲು ಚಳಿಗಾಲದಲ್ಲಿ ಸವರಿದರೆ ಮೊಗ್ಗೂ ಅದರೊಂದಿಗೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಮುಂದಿನ ವರ್ಷ ಸಿಗುವುದು ಹಸಿರು ಎಲೆಯ ಗುಡ್ಡೆ. ಅದು ಹೂ ಬಿಡದ ಶಕ್ತಿಯನ್ನೆಲ್ಲ ಚಿಗುರಿಗೆ ಹಾಕಿ ಮತ್ತೆ ಐದಡಿ ಮುಟ್ಟುತ್ತದೆ. ಅಂದರೆ ಹೂವೂ ಇಲ್ಲ, ಜಾಗವೂ ಉಳಿಯಲಿಲ್ಲ. ‘ಎಂಡ್ಲೆಸ್ ಸಮ್ಮರ್’ನಂಥವು ಹೊಸ ಚಿಗುರಿನಲ್ಲೂ ಹೂ ಬಿಡುತ್ತವೆ ನಿಜ, ಆದರೆ ಮೊದಲ ಸುತ್ತಿನ ಹೂ ಹಳೆ ಕಡ್ಡಿಯದೇ.

ಪ್ಯಾನಿಕ್ಯುಲೇಟ ಮತ್ತು ಆರ್ಬೊರೆಸೆನ್ಸ್ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಧಾರಾಳವಾಗಿ ಸವರಬಹುದು. ಆದರೂ ಅದಕ್ಕೊಂದು ಮಿತಿ ಇದೆ. ಕತ್ತರಿಸಿ ಉಳಿಸಿದ ಎತ್ತರಕ್ಕೆ ಒಂದು ಋತುವಿನ ಚಿಗುರನ್ನು ಕೂಡಿಸಿ, ಆ ಬೇಸಿಗೆಯ ಎತ್ತರ ಅದೇ. ಚಳಿಗಾಲದ ಕೊನೆಗೆ ‘ಲೈಮ್‌ಲೈಟ್’ ಅನ್ನು 2 ಅಡಿಗೆ ಇಳಿಸಿದರೆ ಬಲವಾದ ಬುಡದಿಂದ ಮೂರ್ನಾಲ್ಕು ಅಡಿ ಚಿಗುರು ಎದ್ದು, ಹೂವಿನ ಹೊತ್ತಿಗೆ ಐದಾರು ಅಡಿಗೆ ಬಂದಿರುತ್ತದೆ. 8 ಅಡಿಯದನ್ನು 6 ಅಡಿಯಲ್ಲಿ ಇಟ್ಟುಕೊಳ್ಳಬಹುದು, ಮೂರಡಿಯಲ್ಲಿ ಇಟ್ಟುಕೊಳ್ಳಲಾಗದು. ಮೂರಡಿ ಬೇಕಿದ್ದರೆ ‘ಬೋಬೋ’ ಇದೆಯಲ್ಲ, ಅದನ್ನೇ ತನ್ನಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಗಿಡಕ್ಕೆ ಪ್ರತಿ ವರ್ಷ ಪಾಠ ಹೇಳುವುದಕ್ಕಿಂತ ಹಾಸಿಗೆಗೆ ತಕ್ಕ ಕಾಲಿನದನ್ನು ತರುವುದು ಸುಲಭ.

ನೆಲದ ಮೇಲೆ ಬರೆದು ನೋಡುವುದು

ಅಂಕಿ ಕೈಗೆ ಬಂದ ಮೇಲೆ ಗುಂಡಿ ತೋಡುವ ಮುನ್ನ ಒಂದು ಹಗ್ಗ ಮತ್ತು ಗೂಟ ತೆಗೆದುಕೊಳ್ಳಿ. ಗಿಡ ಬರಬೇಕಾದ ಜಾಗದಲ್ಲಿ ಗೂಟ ಹೊಡೆದು, ಹರವಿನ ಅರ್ಧದಷ್ಟು ಹಗ್ಗ ಕಟ್ಟಿ, ಸುತ್ತ ಬೂದಿಯಿಂದಲೋ ಸುಣ್ಣದ ಪುಡಿಯಿಂದಲೋ ಗೆರೆ ಎಳೆಯಿರಿ. ನಡುವೆ ಎತ್ತರಕ್ಕೆ ತಕ್ಕ ಕೋಲು ನೆಟ್ಟು ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿ. ನೋಡಿದವರು ನಗುತ್ತಾರೆ, ನಗಲಿ. ಎರಡು ಮೂರು ದಿನ ಹಾಗೇ ಬಿಟ್ಟು ಮನೆಯೊಳಗಿನಿಂದ ನೋಡಿ, ಕಿಟಕಿ ತೆರೆದು ನೋಡಿ, ಕಸದ ಬುಟ್ಟಿ ಹಿಡಿದುಕೊಂಡು ಅದರ ಪಕ್ಕ ಹಾದುಹೋಗಿ. ಚೀಟಿಯಲ್ಲಿ ಓದಿದಾಗ ಸುಮ್ಮನಿದ್ದ 6 ಅಡಿ, ಬೆಡ್‌ಶೀಟ್ ಹೊದ್ದು ನಿಂತಾಗ ಮಾತನಾಡುತ್ತದೆ.

ಗೋಡೆಯಿಂದ ದೂರ ಬಿಡಲು ನಾನು ಹರವಿನ ಅರ್ಧಕ್ಕೆ ಒಂದಡಿ ಸೇರಿಸುತ್ತೇನೆ. 8 ಅಡಿಯದಕ್ಕೆ ಗೋಡೆಯಿಂದ 5 ಅಡಿ, 4 ಅಡಿಯದಕ್ಕೆ 3. ಆ ಒಂದಡಿ ಗಾಳಿ ಆಡಲು, ಗೋಡೆಗೆ ಬಣ್ಣ ಹಚ್ಚುವವನು ನಿಲ್ಲಲು. ದಾರಿಯ ಕಡೆಗೂ ಅರ್ಧ ಹರವಿಗೆ ಒಂದಡಿ ಕೂಡಿಸಿ, ಅದು ಮಳೆಯಲ್ಲಿ ಬಾಗುವ ಹೂವಿನ ಪಾಲು. ಎರಡು ಬೇರೆ ಬೇರೆ ಗಿಡಗಳ ನಡುವೆ ಇಬ್ಬರ ಅರ್ಧರ್ಧ ಹರವನ್ನು ಕೂಡಿಸಿದಷ್ಟು ಅಂತರ: 6 ಅಡಿಯದೂ 4 ಅಡಿಯದೂ ಅಕ್ಕಪಕ್ಕ ಬಂದರೆ ಬುಡದಿಂದ ಬುಡಕ್ಕೆ 5 ಅಡಿ. ಬೇಲಿಯಂತೆ ಸಾಲಾಗಿ ಒತ್ತೊತ್ತಾಗಿ ಬೇಕಿದ್ದರೆ ಹರವಿನ ಮುಕ್ಕಾಲು ಸಾಕು. ಮೊದಲೆರಡು ವರ್ಷ ನಡುವೆ ಬೋಳು ಕಾಣುತ್ತದೆ. ಅಲ್ಲಿ ಒಂದು ಋತುವಿನ ಹೂಗಿಡಗಳನ್ನು ಹಾಕಿಕೊಳ್ಳಿ, ಇನ್ನೊಂದು ಹೈಡ್ರೇಂಜಿಯ ತುರುಕಬೇಡಿ.

ಹಾಗಾದರೆ ಯಾವುದನ್ನು ಆರಿಸುವುದು? ಕಿಟಕಿಯ ಕೆಳಗಿನ ಜಾಗಕ್ಕೆ ಮೊದಲು ನೆಲದಿಂದ ಕಿಟಕಿಯವರೆಗೆ ಅಳೆಯಿರಿ. ಅದು ಮೂರಡಿಯಾದರೆ ಬಿಸಿಲಿಗೆ ‘ಬೋಬೋ’, ಅರೆನೆರಳಿಗೆ ‘ಟಫ್ ಸ್ಟಫ್’ ಅಥವಾ ‘ಸಿಟಿಲೈನ್’. ನಾಲ್ಕಡಿ ಅಗಲದ ಪಾತಿ ಒಂದು ಕಡೆ ಗೋಡೆಗೂ ಇನ್ನೊಂದು ಕಡೆ ದಾರಿಗೂ ಅಂಟಿಕೊಂಡಿದ್ದರೆ ಅದರಲ್ಲಿ ಹಿಡಿಯುವುದು ಎರಡಡಿ ಹರವಿನ ಗಿಡ ಮಾತ್ರ. ಅಂಥಲ್ಲಿ ‘ನಿಕೊ ಬ್ಲೂ’ ನೆಡಬೇಕೆಂಬ ಆಸೆಯನ್ನು ಬಿಟ್ಟುಬಿಡಿ, ಬೇರೆ ಗಿಡವೇ ಲೇಸು. ಬೇಲಿ ಬೇಕು, ನೆರೆಯವರ ನೋಟ ತಪ್ಪಬೇಕು ಎಂದರೆ ‘ಲೈಮ್‌ಲೈಟ್’ ಸಾಲಿಗೆ ಸಾಟಿ ಇಲ್ಲ. ಆದರೆ ಎಲೆ ಉದುರಿಸುವ ಗಿಡವಾದ್ದರಿಂದ ಚಳಿಗಾಲದಲ್ಲಿ ಮರೆ ಸಿಗುವುದಿಲ್ಲ. ಮರದಡಿಯ ಅರೆನೆರಳಿನ ದೊಡ್ಡ ಮೂಲೆಗೆ, ವರ್ಷ ಕಾಯಲು ತಾಳ್ಮೆ ಇದ್ದವರಿಗೆ, ಕ್ವೆರ್ಸಿಫೋಲಿಯ. ಕುಂಡದಲ್ಲೇ ಬೆಳೆಸುವವರಿಗೆ ಬೇರಿನ ಜಾಗ ಕಡಿಮೆಯಾಗಿ ಗಿಡವೂ ಚೀಟಿಯ ಅಳತೆಗಿಂತ ಕೆಳಗೇ ನಿಲ್ಲುತ್ತದೆ, ಆದರೆ ಎಂಟಡಿಯ ತಳಿಯನ್ನು ಕುಂಡಕ್ಕೆ ಹಾಕಿ ಹಿಂಸಿಸುವ ಬದಲು ಮೂರಡಿಯ ಒಳಗಿನದನ್ನೇ ತರುವುದು ಸರಿ.

ಈಗಾಗಲೇ ತಪ್ಪಾಗಿ ನೆಟ್ಟಿದ್ದರೆ ಹೈಡ್ರೇಂಜಿಯ ಕ್ಷಮಿಸುವ ಗಿಡ. ಬೇರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಎಲೆ ಉದುರಿ ಮಲಗಿದ ಕಾಲದಲ್ಲಿ ಮಣ್ಣಿನ ಗಡ್ಡೆ ಸಮೇತ ಎತ್ತಿ ಸ್ಥಳಾಂತರಿಸಬಹುದು, ಮುಂದಿನ ಬೇಸಿಗೆಯಿಡೀ ನೀರು ತಪ್ಪಿಸಬಾರದು. ಎರಡು ಮೂರು ವರ್ಷದ ಗಿಡವಾದರೆ ಒಬ್ಬರೇ ಮಾಡಬಹುದಾದ ಕೆಲಸ. ಆಮೇಲಿನದಕ್ಕೆ ಇಬ್ಬರು ಬೇಕು, ಒಂದು ಗಟ್ಟಿ ಗೋಣಿಯೂ ಬೇಕು. ನನ್ನ ಮೆಟ್ಟಿಲ ಪಕ್ಕದ ಎರಡೂ ‘ಲೈಮ್‌ಲೈಟ್’ಗಳನ್ನು ನಾಲ್ಕನೆಯ ಚಳಿಗಾಲದಲ್ಲಿ ಗೋಣಿಯ ಮೇಲೆ ಎಳೆದುಕೊಂಡು ಹೋಗಿ ಹಿತ್ತಿಲ ಮೂಲೆಗೆ ಹಾಕಿದೆವು, ಬುಡದಿಂದ ಬುಡಕ್ಕೆ 8 ಅಡಿ ಬಿಟ್ಟು. ಒಂದು ವರ್ಷ ಮುನಿಸಿಕೊಂಡು ಕೂತಿದ್ದವು. ಮೆಟ್ಟಿಲಿನ ಪಕ್ಕ ಈಗ ‘ಬೋಬೋ’ ಇದೆ, ಅಂಚಿನಿಂದ ಮೂರಡಿ ದೂರಕ್ಕೆ.